‘ನಾವು ಹೆಂಗರೆ ನೋಡ್ಕೋತೀವಿ’ ಅಂತ ಮಾತ್ರ ಬರೀಬ್ಯಾಡ್ರಿ

ನಮ್ಮ ಕೌನ್ಸಿಲ್‌ನವರು ಡೇ ಸೆಂಟರ್‌ಗಳ ವ್ಯವಸ್ಥಾ ಬದಲಿ ಮಾಡೋರಿದ್ದಾರ. ಮಾಡೋಕಿಂತ ಮೊದಲ ನಿಮ್ಮ ಅಭಿಪ್ರಾಯ ಹೇಳ್ರಿ ಅಂತ ಒಂದು ದಪ್ಪನ್ನ ಫಾರ್ಮ್ ಸೆಂಟರಿಗೆ ಹೋಗೋವರ ಮನಿಮನಿಗೆ ಕಳಿಸ್ಯಾರ. ನಮ್ಮ ಪೈಕಿ ಮೂರು ಮನಿಯವರು ಅದನ್ನ ತುಂಬಿ, ಪೋಸ್ಟಿಗೆ ಹಾಕೋ ಮೊದಲ ಒಮ್ಮೆ ನೋಡಿಬಿಡು ಅಂತ ನನ್ನ ಕೈಯಾಗ ಕೊಟ್ಟರು. ಮೂರರಾಗೂ ಕಡೀ ಡಬ್ಬಿಯೊಳಗ, ‘ಮತ್ತೇನಾದರೂ ಹೇಳುವುದಿದೆಯೇ’ ಅನ್ನೋದರ ಕೆಳಗ, ಹೆಚ್ಚುಕಡಿಮಿ ಒಂದೇ ಮಾತು. ಸೆಂಟರ್ ಮುಚ್ಚಿದ್ರ ತ್ರಾಸ ಆಗ್ತದ, ಆದ್ರ ನಾವು ಹೆಂಗರೆ ನೋಡ್ಕೋತೀವಿ, ಇಷ್ಟು ವರ್ಷ ಮಾಡಿದ್ದಕ್ಕ ಧನ್ಯವಾದ.

ಧನ್ಯವಾದ ಹೇಳ್ರಿ, ಯಾರು ಬ್ಯಾಡ ಅಂದಾರ. ಆ ನಡುವಿನ ಮಾತು ಒಂದು ತೆಗೀರಿ. ಯಾಕ ಅಂತ ಹೇಳಲಿಕ್ಕೇ ಇವತ್ತು ಅಡಿಗಿ ಲಗೂನ ಮುಗಿಸಿ ಕೂತೀನಿ.

ಧಾರವಾಡ, ಹುಬ್ಬಳ್ಳಿ ಕಡೆ ಓದೋ ಕಾಕು, ವೈನಿ, ಮೌಶಿಯರಿಗೆ ಮೊದಲ ಒಂದು ಮಾತು. ಇಂಗ್ಲೆಂಡಿನ್ಯಾಗ ಲರ್ನಿಂಗ್ ಡಿಸೆಬಿಲಿಟಿ ಅಂದ್ರ ನಮ್ಮಲ್ಲಿ ಸಾಲಿ ಮಾಸ್ತರು ಹೇಳ್ತಾರಲ್ಲ, ಓದಲಿಕ್ಕೆ ಬರೀಲಿಕ್ಕೆ ಮಾತ್ರ ತೊಡಕು ಆಗೋ ಡಿಸ್ಲೆಕ್ಸಿಯಾ, ಅದಲ್ಲ. ನಮ್ಮ ಕಡೆ ಹಿಂದ ಬುದ್ಧಿಮಾಂದ್ಯ ಅಂತಿದ್ರು, ಈಗ ಬೌದ್ಧಿಕ ಅಂಗವೈಕಲ್ಯ ಅಂತಾರ, ಅದಕ್ಕ ಇಲ್ಲೆ ಈ ಹೆಸರು. ಮತ್ತ ಕನ್ಸಲ್ಟೇಶನ್ ಅಂದ್ರ ಕಾಗದದ ಮ್ಯಾಲಿನ ಗ್ರಾಮಸಭಾ ಅಂತ ತಿಳ್ಕೊಳ್ರಿ. ಗ್ರಾಮಸಭಾದಾಗ ಹೆಣ್ಣುಮಕ್ಕಳು ಹಿಂದ ಗ್ವಾಡಿಗೆ ಆತು ನಿಂತು ತಲಿ ಅಲ್ಲಾಡಿಸಿ ಬರ್ತೀವಲ್ಲ, ಇಲ್ಲೆ ಅದನ್ನೇ ಪೆನ್ನಿಲೆ ಮಾಡ್ತೀವಿ.

ಡೇ ಸೆಂಟರ್ ಅಂದ್ರ ದವಾಖಾನಿ ಅಲ್ಲ, ಆಶ್ರಮ ಅಲ್ಲ. ಮುಂಜಾನೆ ಮಿನಿಬಸ್ ಬಂದು ಕರಕೊಂಡು ಹೋಗ್ತದ, ಮಧ್ಯಾಹ್ನ ಮೂರೂವರಿ ಸುಮಾರು ತಂದು ಬಿಡ್ತದ. ನಮ್ಮ ಅಕ್ಕನ ಮಗಳು 36 ವರ್ಷದಾಕಿ, ವಾರದಾಗ ನಾಕು ದಿವಸ ಹೋಗ್ತಾಳ. ಸೋಮವಾರ ಅಡಿಗಿ, ಮಂಗಳವಾರ ಈಜು, ಗುರುವಾರ ತ್ವಾಟದ ಕೆಲಸ, ಶುಕ್ರವಾರ ಹಾಡು-ಕುಣಿತ. ಊಟದ ಹೊತ್ತಿಗೆ ಚಮಚಾ ಫೋರ್ಕ್ ಹಚ್ಚೋ ಕೆಲಸ ಆಕಿದು, ಬ್ಯಾರೆಯವರು ಮುಟ್ಟಿದ್ರ ಸಿಟ್ಟು. ಆಕಿಗೊಬ್ಬಾಕಿ ಗೆಳತಿ ಇದ್ದಾಳ, ಇಬ್ಬರೂ ಕಿಟಕಿ ಪಕ್ಕದ ಒಂದು ಕುರ್ಚಿ ಸಲುವಾಗಿ ವರ್ಷಗಟ್ಟಲೆ ಜಗಳಾಡ್ತಾರ, ಒಬ್ಬಾಕಿ ಬರಲಿಲ್ಲ ಅಂದ್ರ ಇನ್ನೊಬ್ಬಾಕಿ ಆ ಕುರ್ಚಿ ಮ್ಯಾಲ ಕೂಡಂಗಿಲ್ಲ. ಫಿಟ್ಸ್ ಬರೋ ಮೊದಲ ಆಕಿ ಎಡಗೈ ಹೆಬ್ಬಟ್ಟು ಒಳಗ ಮಡಚ್ತಾಳ ಅನ್ನೋದು ಈ ಊರಾಗ ನಮ್ಮ ಅಕ್ಕಗ ಗೊತ್ತು, ಸೆಂಟರಿನ ಇಬ್ಬರು ಹೆಣ್ಣುಮಕ್ಕಳಿಗೆ ಗೊತ್ತು. ಡಾಕ್ಟರಿಗೆ ಸುದ್ಧಾ ಗೊತ್ತಿಲ್ಲ. ಇವೆಲ್ಲ ಆ ಫಾರ್ಮಿನ ಯಾವ ಡಬ್ಬಿಯೊಳಗೂ ಕೂಡೂದಿಲ್ಲ ನೋಡ್ರಿ.

ಆಕಿ ಹೋದ ಆ ಆರು ತಾಸಿನ್ಯಾಗ ನಮ್ಮ ಅಕ್ಕ ಏನು ಮಾಡ್ತಾಳ? ಮಲಗ್ತಾಳ ಅಂತ ತಿಳೀಬ್ಯಾಡ್ರಿ. ಅರಿವಿ ಒಗೀತಾಳ, ಅಂಗಡಿಗೆ ಹೋಗ್ತಾಳ, ಗಂಡನ್ನ ಮೊಣಕಾಲಿನ ತಪಾಸಣಿಗೆ ಕರಕೊಂಡು ಹೋಗ್ತಾಳ, ತನ್ನ ಬಿಪಿ ಗುಳಿಗಿ ತರ್ತಾಳ. ಅಕ್ಕಗ ಈಗ 67.

ಈ ಸೆಂಟರ್‌ಗಳು ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. ಅದಕ್ಕೂ ಮೊದಲ ಇಂಥವರನ್ನ ದೊಡ್ಡ ದೊಡ್ಡ ಆಸ್ಪತ್ರಿಯೊಳಗ ಜೀವಮಾನ ಇಡ್ತಿದ್ರು, ಇಲ್ಲಾ ಮನ್ಯಾಗ ಇಟ್ಟುಕೊಳ್ತಿದ್ರು. 1959ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮ್ಯಾಲ ಕೌನ್ಸಿಲ್‌ಗಳು ಅಡಲ್ಟ್ ಟ್ರೇನಿಂಗ್ ಸೆಂಟರ್ ಅಂತ ಕಟ್ಟಲಿಕ್ಕೆ ಹತ್ತಿದ್ರು. 1971ರಾಗ ಸರ್ಕಾರ ಒಂದು ಶ್ವೇತಪತ್ರ ತಂದು, ಆಸ್ಪತ್ರಿ ಹಾಸಿಗಿ ಕಡಿಮಿ ಮಾಡಿ ಇಂಥ ಸೆಂಟರ್ ಹೆಚ್ಚು ಮಾಡ್ರಿ ಅಂತು. ಆವಾಗ ಅಲ್ಲೆ ನಡೀತಿದ್ದ ಕೆಲಸ ಅಂದ್ರ ಡಬ್ಬಿ ಕಟ್ಟೋದು, ಕಾರ್ಖಾನಿ ಸಾಮಾನು ಎಣಿಸಿ ಚೀಲಕ್ಕ ತುಂಬೋದು. ಕೂಲಿ ಅಂತ ಕೊಡ್ತಿದ್ದದ್ದು ಚಿಲ್ಲರ ರೊಕ್ಕ. ಆಮ್ಯಾಲ 2001ರಾಗ ‘ವ್ಯಾಲ್ಯೂಯಿಂಗ್ ಪೀಪಲ್’ ಅನ್ನೋ ಶ್ವೇತಪತ್ರ ಬಂತು. ಹಕ್ಕು, ಸ್ವಾತಂತ್ರ್ಯ, ಆಯ್ಕೆ, ಎಲ್ಲರ ಜೋಡಿ ಬೆರೆಯೋದು ಅಂತ ನಾಕು ತತ್ತ್ವ ಇಟ್ಟು, ಮಂದಿನ್ನ ಒಂದೇ ಹಾಲಿನಾಗ ಗುಂಪುಗೂಡಿಸಿ ಕೂಡಿಸೋದು ಸಾಕು, ಒಬ್ಬೊಬ್ಬರಿಗೆ ಹೊಂದೋ ಹಂಗ ದಿನ ಕಟ್ಟಿಕೊಡ್ರಿ ಅಂತು.

ಆ ಮಾತು ತಪ್ಪು ಅಂತ ನಾ ಅನ್ನೂದಿಲ್ಲ. ಇಪ್ಪತ್ತು ವರ್ಷ ಅದೇ ಟೇಬಲ್, ಅದೇ ಚಿತ್ರ ಜೋಡಿಸೋ ಆಟ ಅಂತ ಬ್ಯಾಸರ ಆದವರು ಇದ್ದಾರ. ನನಗ ಸೆಂಟರ್ ಬ್ಯಾಡ, ಕೆಲಸ ಬೇಕು ಅಂತ ತಾವೇ ಬಾಯಿಬಿಟ್ಟು ಹೇಳೋ ಹುಡುಗರು ಇದ್ದಾರ, ಅವರ ಮಾತು ಕೇಳಲಿಕ್ಕೇ ಬೇಕು. ಆದ್ರ ಆ ಛಲೋ ಮಾತನ್ನ ಈಗ ರೊಕ್ಕ ಉಳಿಸೋ ಯೋಜನಾಕ್ಕ ಕಲಾಯಿ ಬಳದಂಗ ಬಳೀತಾರಲ್ಲ, ಅದರ ಬಗ್ಗೆ ನನ್ನ ತಕರಾರು.

ಫಾರ್ಮಿನ ಪ್ರಶ್ನಿ ಹೆಂಗ ಅವ ನೋಡ್ರಿ. ಕನ್ನಡಕ್ಕ ತಂದ್ರ ಹಿಂಗ ಆಗ್ತದ: ಕಲಿಕಾ ನ್ಯೂನತೆ ಇರುವವರಿಗೆ ತಮ್ಮ ದಿನವನ್ನು ಕಳೆಯಲು ಹೆಚ್ಚಿನ ಆಯ್ಕೆಗಳು ಇರಬೇಕು ಎಂಬುದನ್ನು ನೀವು ಎಷ್ಟರಮಟ್ಟಿಗೆ ಒಪ್ಪುತ್ತೀರಿ? ಇದಕ್ಕ ಒಪ್ಪಂಗಿಲ್ಲ ಅಂತ ಯಾರು ಬರೀತಾರ? ನಿಮ್ಮ ಮಕ್ಕಳು ಸುಖವಾಗಿರಬೇಕೇನ್ರಿ ಅಂತ ಕೇಳಿದಂಗಾತು. ‘ಪೂರ್ತಿ ಒಪ್ತೀನಿ’ ಡಬ್ಬಿಗೆ ರೈಟ್ ಹಾಕ್ತೀವಿ. ಮುಂದ ವರದಿಯೊಳಗ ಅದೇ ರೈಟು, ಬಹುಪಾಲು ಕುಟುಂಬಗಳು ಹೊಸ ವ್ಯವಸ್ಥಾವನ್ನು ಬೆಂಬಲಿಸಿವೆ ಅಂತ ಆಗಿ ಹೊರಗ ಬರ್ತದ. ಸೆಂಟರ್ ಮುಚ್ಚೋದಕ್ಕ ಒಪ್ಪಿಗಿ ಅದ ಏನು ಅಂತ ಒಂದು ಪ್ರಶ್ನಿ ಇಲ್ಲ. ಯಾವ ಸೆಂಟರ್ ಉಳೀತದ, ಯಾವುದು ಹೋಗ್ತದ ಅಂತ ಒಂದು ಸಾಲೂ ಇಲ್ಲ. ‘ಕಟ್ಟಡ ಆಧಾರಿತ ಸೇವೆಗಳ ಮರುಪರಿಶೀಲನೆ’ ಅಂತ ಒಂದು ಕಡೆ ಬರದಾರ, ಅದನ್ನ ತಿಳ್ಕೊಳ್ಳಲಿಕ್ಕೆ ನನಗ ಎರಡು ಸರ್ತಿ ಓದಬೇಕಾತು.

ಇದು ನಮ್ಮ ಊರಿನವರಷ್ಟೇ ಮಾಡಿದ್ದಲ್ಲ. 2014ರಾಗ ಶ್ರಾಪ್‌ಷೈರ್ ಕೌನ್ಸಿಲ್ ಮ್ಯಾಲಿನ ಒಂದು ಪ್ರಕರಣ ಅಪೀಲು ಕೋರ್ಟಿಗೆ ಹೋತು. ಅವರೂ ಡೇ ಸರ್ವಿಸ್ ಬದಲಾವಣಿ ಬಗ್ಗೆ ಸಾಮಾನ್ಯವಾಗಿ ಅಭಿಪ್ರಾಯ ಕೇಳಿದ್ರು, ಆಮ್ಯಾಲ ಹಾರ್ಟ್ಲೀಸ್ ಅನ್ನೋ ಸೆಂಟರ್ ಮುಚ್ಚಿದ್ರು. ಆ ಸೆಂಟರಿಗೆ ಹೋಗೋವರನ್ನ, ಅವರ ಮನಿಯವರನ್ನ, ಈ ಬಾಗಿಲಾ ಮುಚ್ಚಬೇಕಂತ ಮಾಡೀವಿ ಏನಂತೀರಿ ಅಂತ ಬ್ಯಾರೆಯಾಗಿ ಕೇಳಿರಲಿಲ್ಲ. ಹಂಗ ಕೇಳಬೇಕಾಗಿತ್ತು, ಕೇಳದ್ದು ಕಾನೂನಿಗೆ ವಿರುದ್ಧ ಅಂತ ಕೋರ್ಟ್ ಹೇಳಿತು. ಖರೇ, ಆದ್ರ ಅಷ್ಟೊತ್ತಿಗೆ ಸೆಂಟರ್ ಮುಚ್ಚಿಹೋಗಿತ್ತು, ಮತ್ತ ತೆಗೀರಿ ಅಂತ ಕೋರ್ಟ್ ಆಜ್ಞಾ ಮಾಡಲಿಲ್ಲ. ಗೆದ್ದರು, ಬಾಗಿಲಾ ತೆರೀಲಿಲ್ಲ. ಅದಕ್ಕ ಮುಚ್ಚಿದ ಮ್ಯಾಲ ಕೋರ್ಟಿಗೆ ಹೋಗೋಕಿಂತ ಈಗ ಫಾರ್ಮಿನ್ಯಾಗ ಬರಿಯೋದು ಸವಿ.

ಅಭಿಪ್ರಾಯ ಕೇಳೋದಕ್ಕೂ ಇಲ್ಲೆ ನಿಯಮ ಅದ. 1985ರಾಗ ಬ್ರೆಂಟ್ ಕೌನ್ಸಿಲ್ ಸಾಲಿ ಮುಚ್ಚಲಿಕ್ಕೆ ಹೊಂಟಾಗ ನಡೆದ ಗನ್ನಿಂಗ್ ಅನ್ನೋ ಪ್ರಕರಣದಿಂದ ಬಂದದ್ದು, 2014ರಾಗ ಸುಪ್ರೀಂ ಕೋರ್ಟೂ ಒಪ್ಪಿಕೊಂಡದ್ದು. ಇನ್ನೂ ನಿರ್ಧಾರ ಗಟ್ಟಿ ಆಗೋ ಮೊದಲ ಕೇಳಬೇಕು. ಯಾಕ ಬದಲಿ ಮಾಡ್ತೀವಿ ಅಂತ, ಮಂದಿ ವಿಚಾರ ಮಾಡಿ ಉತ್ತರ ಕೊಡೋವಷ್ಟು ಕಾರಣ ಹೇಳಬೇಕು. ಸಾಕಷ್ಟು ವ್ಯಾಳ್ಯಾ ಕೊಡಬೇಕು. ಬಂದ ಉತ್ತರವನ್ನ ಪ್ರಾಮಾಣಿಕವಾಗಿ ವಿಚಾರಕ್ಕ ತಗೋಬೇಕು. ಅಂದ್ರ ನೀವು ಬರೆದದ್ದನ್ನ ಅವರು ಓದಲಿಕ್ಕೇ ಬೇಕು. ಬರದಿದ್ರ ಓದಲಿಕ್ಕೆ ಏನದ?

ಈಗ ಮೊದಲಿನ ಮಾತಿಗೆ ಬರ್ತೀನಿ. ‘ನಾವು ಹೆಂಗರೆ ನೋಡ್ಕೋತೀವಿ’ ಅನ್ನೋದು ನಮಗ ಬರೇ ಮರ್ಯಾದಿ ಮಾತು. ಬೀಗರ ಮನ್ಯಾಗ ಇನ್ನೊಂದು ಚಪಾತಿ ಹಾಕಲೇನು ಅಂದ್ರ ಸಾಕ್ರಿ ಅಂತೀವಲ್ಲ, ಹೊಟ್ಟಿ ಹಸದಿದ್ರೂ, ಹಂಗ. ನಮ್ಮ ಬೀಗರಿಗೆ ಅದು ಗೊತ್ತಿರ್ತದ, ಸಾಕು ಅಂದ್ರೂ ಹಾಕ್ತಾರ. ಕೌನ್ಸಿಲ್ ಬೀಗರ ಮನಿ ಅಲ್ಲ. ಸಾಕು ಅಂದ್ರ ತಾಟು ಎತ್ತತಾರ.

ಇಂಗ್ಲೆಂಡಿನ 2014ರ ಕೇರ್ ಕಾಯ್ದೆಯೊಳಗ ಇದರ ಲೆಕ್ಕ ಸ್ಪಷ್ಟ ಅದ. ಒಬ್ಬ ವ್ಯಕ್ತಿಗೆ ಏನೇನು ಅಗತ್ಯ ಅದ ಅಂತ ಅಳೆಯೋವಾಗ ಮನಿಯವರು ಮಾಡೋದನ್ನ ಬದಿಗಿಟ್ಟು ಅಳೀಬೇಕು. ಆದ್ರ ಅಳದಾದ ಮ್ಯಾಲ, ಮನಿಯವರು ಪೂರೈಸ್ತಿರೋ ಭಾಗವನ್ನ ಕೌನ್ಸಿಲ್ ಪೂರೈಸಬೇಕಾಗಿಲ್ಲ. ಅದಕ್ಕ ನೋಡಿಕೊಳ್ಳೋವರಿಗೂ ಬ್ಯಾರೆ ಒಂದು ಅಸೆಸ್‌ಮೆಂಟ್ ಇಟ್ಟಾರ, ಕೇರರ್ಸ್ ಅಸೆಸ್‌ಮೆಂಟ್ ಅಂತ. ಅದರಾಗ ಕೌನ್ಸಿಲ್ ಎರಡು ವಿಷಯ ತಿಳ್ಕೋಬೇಕು. ಒಂದು, ನೋಡಿಕೊಳ್ಳಲಿಕ್ಕೆ ನಿಮ್ಮಿಂದ ಆಗ್ತದೇನು, ಮುಂದೂ ಆಗ್ತದೇನು. ಇನ್ನೊಂದು, ನೋಡಿಕೊಳ್ಳಲಿಕ್ಕೆ ನಿಮಗ ಮನಸ್ಸದೇನು, ಮುಂದೂ ಇರ್ತದೇನು.

ಈ ಎರಡನೇ ಪ್ರಶ್ನಿ ಓದಿ ನಾ ಸ್ವಲ್ಪ ಹೊತ್ತು ಸುಮ್ಮನ ಕೂತೆ. ನಮ್ಮ ಅವ್ವಗ ಯಾರರೆ ಕೇಳಿದ್ದರೇನು, ನಿಮ್ಮ ಅತ್ತಿಯವರಿಗೆ ಹತ್ತು ವರ್ಷ ಹಾಸಿಗಿ ಮ್ಯಾಲ ಮಾಡಲಿಕ್ಕೆ ನಿನಗ ಮನಸ್ಸದೇನು ಅಂತ? ನಮ್ಮ ಹೆಣ್ಣುಮಕ್ಕಳಿಗೆ ಆಗ್ತದೇನು ಅಂತನೂ ಕೇಳಂಗಿಲ್ಲ, ಮನಸ್ಸದೇನು ಅಂತ ಕೇಳೋದು ದೂರ ಉಳೀತು. ಕೇಳಿದ್ರ ಉತ್ತರ ಕೊಡಲಿಕ್ಕೂ ಬರಂಗಿಲ್ಲ. ಮನಸ್ಸಿಲ್ಲ ಅಂದ್ರ ಮಗಳ ಮ್ಯಾಲ ಪ್ರೀತಿ ಇಲ್ಲ ಅಂದಂಗಾತು ಅಂತ ಹೆದರ್ತೀವಿ. ಹಂಗಲ್ಲರಿ. 67 ವರ್ಷದಾಕಿ, ವಾರದಾಗ ಏಳು ದಿವಸ, ದಿನಕ್ಕ ಇಪ್ಪತ್ನಾಕು ತಾಸು ಒಬ್ಬಾಕಿನೇ ಮಾಡಲಿಕ್ಕೆ ನನಗ ಆಗಂಗಿಲ್ಲ, ಮಾಡೋ ಮನಸ್ಸೂ ಇಲ್ಲ, ನಾಕು ದಿವಸ ಆಕಿ ಹೊರಗ ಹೋಗಿ ಬರಬೇಕು, ಅಂತ ಹೇಳೋದು ಪ್ರೀತಿಯ ಮಾತೇ. ಕಾನೂನೇ ಆ ಉತ್ತರಕ್ಕ ಜಾಗಾ ಇಟ್ಟದ. ಈ ಕನ್ಸಲ್ಟೇಶನ್ ಫಾರ್ಮ್ ಆ ಅಸೆಸ್‌ಮೆಂಟ್ ಅಲ್ಲ, ಎರಡೂ ಬ್ಯಾರೆ ಬ್ಯಾರೆ. ಆದ್ರ ಇಲ್ಲೆ ಹತ್ತು ಮಂದಿ ‘ನೋಡ್ಕೋತೀವಿ’ ಅಂತ ಬರದ್ರ, ಏಷ್ಯನ್ ಕುಟುಂಬದೊಳಗ ಮಂದಿ ಭಾಳ ಇರ್ತಾರ, ಅವರು ತಮ್ಮವರನ್ನ ತಾವೇ ನೋಡ್ಕೋತಾರ ಅನ್ನೋ ಹಳೀ ನಂಬಿಗಿಗೆ ನಾವೇ ಸಹಿ ಹಾಕಿ ಕೊಟ್ಟಂಗ. ಎಲ್ಲಿ ಮಂದಿ? ಒಂದು ಮಗ ಕೆನಡಾದಾಗ, ಒಬ್ಬ ಲಂಡನ್ನಿನ್ಯಾಗ, ಮನ್ಯಾಗ ಮುದುಕಾ ಮುದುಕಿ.

ರೊಕ್ಕದ ಮಾತೂ ಆಗಿಬಿಡಲಿ. ವಾರಕ್ಕ 35 ತಾಸಿಗಿಂತ ಕಡಿಮಿ ಇಲ್ಲದಂಗ ನೋಡಿಕೊಂಡ್ರ ಸಿಗೋ ಕೇರರ್ಸ್ ಅಲೋಯನ್ಸ್ 2025-26ರಾಗ ವಾರಕ್ಕ 83 ಪೌಂಡ್ 30 ಪೆನ್ಸ್. ಭಾಗಿಸಿ ನೋಡ್ರಿ, ತಾಸಿಗೆ 2 ಪೌಂಡ್ 38 ಪೆನ್ಸ್ ಬೀಳ್ತದ. ಅದೇ ವರ್ಷ ಅಂಗಡಿಯೊಳಗ ಕೆಲಸ ಮಾಡೋ ದೊಡ್ಡವರಿಗೆ ಕನಿಷ್ಠ ಕೂಲಿ ತಾಸಿಗೆ 12 ಪೌಂಡ್ 21 ಪೆನ್ಸ್. ಮತ್ತ ಆ ವರ್ಷ ಖರ್ಚು ಕಳದು ವಾರಕ್ಕ 196 ಪೌಂಡಿಗಿಂತ ಹೆಚ್ಚು ಗಳಿಸಿದ್ರ ಆ ಅಲೋಯನ್ಸೂ ಇರಲಿಲ್ಲ. ಮಗಳು ಸೆಂಟರಿಗೆ ಹೋಗ್ತಾಳ ಅಂತ ಸೂಪರ್‌ಮಾರ್ಕೆಟ್‌ನ್ಯಾಗ, ಸಾಲಿ ಅಡಿಗಿಮನ್ಯಾಗ ಅರ್ಧ ದಿನದ ಕೆಲಸ ಹಿಡಿದ ತಾಯಂದಿರು ನಮ್ಮೊಳಗ ಇದ್ದಾರ. ಸೆಂಟರ್ ಮುಚ್ಚಿದ ದಿವಸ ಅವರ ಕೆಲಸನೂ ಮುಚ್ಚತದ. ಇದನ್ನ ಬರೀರಿ. ಕೆಲಸದ ದಿನ, ತಾಸು, ಪಗಾರ ಹಾಕಿ ಬರೀರಿ.

ಕೌನ್ಸಿಲ್‌ನವರ ಕಡೆ ರೊಕ್ಕ ಇಲ್ಲ ಅನ್ನೋದು ಸುಳ್ಳಲ್ಲ. ಬರ್ಮಿಂಗ್‌ಹ್ಯಾಮ್‌ನಂಥಾ ದೊಡ್ಡ ಕೌನ್ಸಿಲ್ 2023ರ ಸೆಪ್ಟೆಂಬರಿನ್ಯಾಗ, ಕಾನೂನು ಕಡ್ಡಾಯ ಮಾಡಿದ್ದು ಬಿಟ್ಟು ಹೊಸ ಖರ್ಚು ಮಾಡಂಗಿಲ್ಲ ಅಂತ 114ರ ನೋಟೀಸು ಹೊರಡಿಸಿತು. ಮಾರ್ಚಿನ್ಯಾಗ ಬರೋ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ತೆಗೆದು ನೋಡ್ರಿ, ಅಡಲ್ಟ್ ಸೋಶಿಯಲ್ ಕೇರ್ ಅಂತ ಬ್ಯಾರೆ ಸಾಲು ಇರ್ತದ. ಈಚಿನ ವರ್ಷಗಳಾಗ ಜನಮತ ಇಲ್ಲದ ಏರಿಸಬಹುದಾದ 5%ನಾಗ 2% ಅದರ ಸಲುವಾಗಿನೇ. ಅಂದ್ರ ನಾವೂ ಕೊಡ್ತೀವಿ. ಮುದುಕರ ಖರ್ಚು ಬೆಳೀತದ, ಕೇಂದ್ರದಿಂದ ಬರೋದು ಸಾಲಂಗಿಲ್ಲ, ಕೌನ್ಸಿಲರ್ ಪಾಪ ಏನು ಮಾಡಬೇಕು. ತಿಳೀತದ. ಹಂಗಿದ್ರ ರೊಕ್ಕ ಇಲ್ಲ ಅಂತ ನೆಟ್ಟಗ ಹೇಳಲಿ. ಇಷ್ಟು ಸೆಂಟರ್ ನಡಸ್ಲಿಕ್ಕೆ ಇಷ್ಟು ಬೇಕು, ಇಷ್ಟು ಕಡಿಮಿ ಬಿದ್ದದ, ಯಾವುದು ಇಡೋಣು ಯಾವುದು ಬಿಡೋಣು ಅಂತ ಕೇಳಲಿ. ಮನಿ ನಡಸೋ ಹೆಂಗಸರಿಗೆ ಆ ಲೆಕ್ಕ ತಿಳೀದ ಏನು? ಆಯ್ಕೆ, ಸಬಲೀಕರಣ ಅಂತ ಹೂವಿನ ಕೆಳಗ ಮುಚ್ಚಿಟ್ಟ ಲೆಕ್ಕಕ್ಕ ನಾವು ಉತ್ತರ ಹೆಂಗ ಕೊಡೋದು.

ಹೊಸ ವ್ಯವಸ್ಥಾದಾಗ ಏನಂತ ಅಂದ್ರ, ಕಟ್ಟಡದ ಬದಲಿಗೆ ಸಮುದಾಯ. ಒಬ್ಬೊಬ್ಬರ ಹೆಸರಿಲೆ ರೊಕ್ಕ ಕೊಡ್ತಾರ, ಡೈರೆಕ್ಟ್ ಪೇಮೆಂಟ್ ಅಂತ, ಅದರಾಗ ಒಬ್ಬ ಸಹಾಯಕರನ್ನ ಇಟ್ಟುಕೊಂಡು ಊರಾಗ ತಿರುಗಾಡಬಹುದು. ಯಾರಿಗೆ ಹೊಂದತದೋ ಅವರಿಗೆ ಛಲೋನ. ನಮ್ಮ ಗುರ್ತಿನ ಒಬ್ಬ ಹುಡುಗ ಹಂಗ ಲೈಬ್ರರಿಗೆ, ಜಿಮ್ಮಿಗೆ ಹೋಗಿ ಖುಷಿಯಿಂದ ಇದ್ದಾನ. ಆದ್ರ ಸಹಾಯಕರು ಸಿಗೋದು ಎಷ್ಟು ತ್ರಾಸ ಅಂತ ಹುಡುಕಿದವರಿಗೆ ಗೊತ್ತು. ಸಿಕ್ಕಾಕಿಗೆ ಜ್ವರ ಬಂತು ಅಂದ್ರ ಆವತ್ತಿನ ಸಮುದಾಯ ಅಂದ್ರ ಮನಿ ಸೋಫಾ. ಸಂಬಳದ ಚೀಟಿ, ವಿಮಾ, ರಜಾದ ಲೆಕ್ಕ ಎಲ್ಲಾ ಮತ್ತ ತಾಯಿ ತಲಿಗೇ. ಮತ್ತ ಹೊರಗ ಹೋದಾಗ ಸಂಡಾಸಕ್ಕ ಎಲ್ಲಿ ಹೋಗಬೇಕು? ದೊಡ್ಡವರನ್ನ ಎತ್ತಿ ಮಲಗಿಸಿ ಬಟ್ಟಿ ಬದಲಿಸೋ ಸೌಕರ್ಯ ಇರೋ ಚೇಂಜಿಂಗ್ ಪ್ಲೇಸಸ್ ಶೌಚಾಲಯ ಹೊಸ ದೊಡ್ಡ ಸಾರ್ವಜನಿಕ ಕಟ್ಟಡಕ್ಕ ಕಡ್ಡಾಯ ಆಗಿದ್ದೇ 2021ರಿಂದ. ಹಳೀ ಕಟ್ಟಡದೊಳಗ ಇದ್ರ ಅದ, ಇಲ್ಲದಿದ್ರ ಇಲ್ಲ. ಸೆಂಟರಿನ್ಯಾಗ ಅದು ಅದ. ಸಭಾದಾಗ ಈ ಮಾತು ಎತ್ತಲಿಕ್ಕೆ ನಮ್ಮವರಿಗೆ ನಾಚಿಗಿ. ನಾಚಬ್ಯಾಡ್ರಿ, ದಿವಸಾ ತೊಳಿಯೋವರು ನೀವು.

ಊರಿಂದ ಅತ್ತಿಯವರು ಫೋನಿನ್ಯಾಗ ಅಂದ್ರು, ಇಷ್ಟೆಲ್ಲ ಯಾಕ, ಇಲ್ಲೇ ಕರಕೊಂಡು ಬಂದುಬಿಡ್ರಿ, ಮನಿ ತುಂಬ ಮಂದಿ ಅದಾರ. ಅವರ ಮನಸ್ಸು ದೊಡ್ಡದು. ಆದ್ರ ಆ ಮನಿ ತುಂಬ ಮಂದಿಯೊಳಗ ಹಗಲು ಮನ್ಯಾಗ ಉಳಿಯೋರು ಅತ್ತಿಯವರು ಒಬ್ಬರೇ, ಅವರಿಗೆ ಎಪ್ಪತ್ನಾಕು. ಮತ್ತ ಕಿಟಕಿ ಪಕ್ಕದ ಕುರ್ಚಿಯ ಗೆಳತಿಯನ್ನ ಎಲ್ಲಿಂದ ತರೋಣು?

ನಮ್ಮ ಅಕ್ಕನ ಮಗಳಿಗೂ ಒಂದು ಫಾರ್ಮ್ ಬಂದದ, ಚಿತ್ರ ಹಾಕಿ ಸಣ್ಣ ಸಣ್ಣ ವಾಕ್ಯದಾಗ ಬರೆದದ್ದು, ಈಸಿ ರೀಡ್ ಅಂತಾರ. ಆಕಿ ಪರವಾಗಿ ಅಕ್ಕ ಅದನ್ನೂ ತುಂಬಲಿಕ್ಕೆ ಕೂತಿದ್ಲು. ನಾ ಅಂದೆ, ಬ್ಯಾಡ, ಆಕಿಗೇ ಕೇಳು. ಸೆಂಟರಿನ ಫೋಟೋ ಇಟ್ಟು, ಮನಿಯ ಫೋಟೋ ಇಟ್ಟು, ಸೋಮವಾರ ಎಲ್ಲಿ ಅಂತ ಕೇಳಿದ್ಲು. ಆಕಿ ಎರಡೂ ಫೋಟೋ ಬಿಟ್ಟು ಮಿನಿಬಸ್ಸಿನ ಚಿತ್ರಕ್ಕ ಬೆರಳು ಇಟ್ಟಳು. ಅದನ್ನೇ ಬರದ್ವಿ, ಹೆಂಗ ಕೇಳಿದ್ವಿ, ಆಕಿ ಏನು ತೋರಿಸಿದ್ಲು ಅಂತ ಎರಡು ಸಾಲು ಸೇರಿಸಿ. ಮಾತಾಡಲಿಕ್ಕೆ ಬರದವರ ಪರವಾಗಿ ‘ಅವರಿಗೆ ಏನೂ ತಿಳಿಯಂಗಿಲ್ಲ’ ಅಂತ ಬರೀಬ್ಯಾಡ್ರಿ, ಅದೂ ಎಣಿಕಿಗೆ ಹೋಗ್ತದ.

ಕಡೀ ಡಬ್ಬಿಯೊಳಗ ಏನು ಬರೀಬೇಕು ಅಂತ ಕೇಳಿದವರಿಗೆ: ಸೆಂಟರಿನ ಹೆಸರು ಬರೀರಿ. ವಾರದಾಗ ಯಾವ ದಿವಸ, ಎಷ್ಟರಿಂದ ಎಷ್ಟರ ತನಕ, ಅಲ್ಲೆ ಆಕಿ ಏನು ಮಾಡ್ತಾಳ, ಆ ಹೊತ್ತಿನ್ಯಾಗ ನೀವೇನು ಮಾಡ್ತೀರಿ. ನಿಮ್ಮ ವಯಸ್ಸು, ನಿಮ್ಮ ರೋಗ. ಈ ಸೆಂಟರ್ ಮುಚ್ಚೋ ವಿಚಾರ ಅದ ಏನು, ಇದ್ರ ಅದರ ಬಗ್ಗೆ ನಮ್ಮನ್ನ ಬ್ಯಾರೆಯಾಗಿ ಕೇಳ್ತೀರೇನು ಅಂತ ಪ್ರಶ್ನಿ ಹಾಕ್ರಿ. ಮುಚ್ಚೋ ಮೊದಲ ಆಕಿ ಅಗತ್ಯವನ್ನ ಹೊಸದಾಗಿ ಅಳೀರಿ, ನನಗೂ ಕೇರರ್ಸ್ ಅಸೆಸ್‌ಮೆಂಟ್ ಮಾಡ್ರಿ ಅಂತ ಬರೀರಿ. ಕಟ್ಟಡ ಮುಚ್ಚಿದ್ರ ಕೌನ್ಸಿಲಿನ ಜವಾಬ್ದಾರಿ ಮುಚ್ಚಂಗಿಲ್ಲ, ಕಾಯ್ದೆ ಪ್ರಕಾರ ಒಪ್ಪಿಕೊಂಡ ಅಗತ್ಯವನ್ನ ಅವರು ಬ್ಯಾರೆ ದಾರಿಲಿಂದ ಆದ್ರೂ ಪೂರೈಸಬೇಕು. ಇಂಗ್ಲೀಷ್ ಬರಂಗಿಲ್ಲ ಅಂತ ಬಿಡಬ್ಯಾಡ್ರಿ, ಕನ್ನಡದಾಗ ಬರದುಕೊಂಡು ಬರ್ರಿ, ತಿರುವಿ ಕೊಡ್ತೀನಿ. ಬರೆದದ್ದರ ಒಂದು ಫೋಟೋ ತಕ್ಕೊಂಡು ಇಟ್ಕೊಳ್ರಿ.

ಕಡೀ ತಾರೀಖು ಈ ತಿಂಗಳ 28. ಬುಧವಾರ ನಮ್ಮ ಅಕ್ಕನ ಮಗಳಿಗೆ ಸೆಂಟರ್ ಇರಂಗಿಲ್ಲ, ಮಧ್ಯಾಹ್ನ ಆಕಿ ನಮ್ಮ ಮನ್ಯಾಗ ಇರ್ತಾಳ, ಆವತ್ತೇ ಬರ್ರಿ. ಫಾರ್ಮ್ ಜೋಡಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರೂ ಬಿಚ್ಚಿಕೊಂಡು ಬರ್ರಿ, ದವಾಖಾನಿ ತಾರೀಖು ಎಲ್ಲಾ ಅದರಾಗೇ ಇರ್ತಾವಲ್ಲ. ಚಹಾದ ಕಪ್ಪು ಹಚ್ಚೋ ಕೆಲಸ ಆಕಿದು, ಯಾರೂ ಮುಟ್ಟಬ್ಯಾಡ್ರಿ.